ಶ್ರೀಗಂಧದಲ್ಲಿ ಕಾಯಜ ಭ್ರೂಣೋತ್ಪತ್ತಿ: ಚೋದಕಗಳೂ ವಂಶವಾಹಿಗಳೂ

ತಾಳವಾಡಿ ಬೆಟ್ಟಸೀಮೆಯ ತಿಗನಾರೆ ಮೊದಲಾದ ಗ್ರಾಮಗಳನ್ನು ಸುತ್ತುವರಿದಿರುವ ಸತ್ಯಮಂಗಲದ ಅರಣ್ಯಶ್ರೇಣಿಯು ಶ್ರೀಗಂಧದ ಸಹಜ ನೆಲೆಗಳಲ್ಲೊಂದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿ, ಕನ್ನಡ ನುಡಿಯುವ ತಾಳವಾಡಿಯು ಮದರಾಸಿನಲ್ಲಿಯೇ ಉಳಿದರೂ, ಈ ವೃಕ್ಷದ ಅಭಿವೃದ್ಧಿಯ ಪ್ರಶ್ನೆ ಗಡಿಯ ಎರಡು ಕಡೆಗೂ ಒಂದೇ ಆಗಿರುವುದು. ಬೀಜದಿಂದ ಹುಟ್ಟಿದ ಸಸಿಯಲ್ಲಿ ತಾಯಿಮರದ ಗುಣವು ನಿಶ್ಚಯವಾಗಿ ಮರುಕಳಿಸುವುದಿಲ್ಲ. ರೆಂಬೆಯನ್ನು ಕಡಿದು ನೆಟ್ಟರೆ ಅದು ಸುಲಭವಾಗಿ ಬೇರು ಬಿಡುವುದಿಲ್ಲ. ಆದುದರಿಂದ, ಪರಾಗಸ್ಪರ್ಶವಾಗಲಿ ಗರ್ಭಾಧಾನವಾಗಲಿ ಇಲ್ಲದೆ, ಚಿಗುರಿನ ಸಾಮಾನ್ಯ ಜೀವಕೋಶವೊಂದರಿಂದಲೇ ಭ್ರೂಣವನ್ನು ಪಡೆಯುವ ಕಾಯಜ ಭ್ರೂಣೋತ್ಪತ್ತಿಯೆಂಬ ವಿಧಾನಕ್ಕೆ ಇಲ್ಲಿ ವಿಶೇಷವಾದ ಬೆಲೆಯುಂಟು.

ಸಸ್ಯದ ಪ್ರತಿಯೊಂದು ಕೋಶದಲ್ಲಿಯೂ ಸಮಗ್ರ ಸಸ್ಯವಾಗುವ ಸಾಮರ್ಥ್ಯ ಅಡಗಿದೆಯೆಂಬ ಊಹೆಯನ್ನು ಸಸ್ಯವಿಜ್ಞಾನಿ ಹಾಬರ್‌ಲಾಂಟ್ 1902ರಲ್ಲಿ ಮಂಡಿಸಿದ್ದನು. 1958ರ ಸುಮಾರಿಗೆ ಸ್ಟೀವರ್ಡ್ ಮತ್ತು ರೈನರ್ಟ್ ಗಜ್ಜರಿಯ ಕೋಶಗಳಿಂದ ಭ್ರೂಣಗಳನ್ನು ಪಡೆದು ಅದಕ್ಕೆ ಪ್ರಮಾಣವನ್ನೊದಗಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲಕ್ಷ್ಮೀ ಸೀತಾ, ರಾಘವರಾಮ್ ಮತ್ತು ವೈದ್ಯನಾಥನ್ ಇವರು 1979ರಲ್ಲಿ ಗಂಧದ ಚಿಗುರಿನಿಂದ ಬೆಳೆಸಿದ ಕ್ಯಾಲಸ್ ಎಂಬ ಆಕಾರವಿಲ್ಲದ ಕೋಶರಾಶಿಯಲ್ಲಿ ಭ್ರೂಣಗಳನ್ನೂ ಎಳೆಸಸಿಗಳನ್ನೂ ಕಂಡರು. ಮರುವರ್ಷ ಅವರು ಪಡೆದ ಫಲಿತಾಂಶ ಇನ್ನೂ ವಿಸ್ಮಯಕರವಾದುದು: ಬೀಜದೊಳಗೆ ಭ್ರೂಣಕ್ಕೆ ಆಹಾರವಾಗಿ ಕರಗಿಹೋಗುವುದಷ್ಟೇ ತನ್ನ ಕರ್ತವ್ಯವಾಗಿರುವ ತ್ರಿಗುಣಿತ (ಮೂರು ವರ್ಣತಂತು ಗಣಗಳುಳ್ಳ) ಎಂಡೋಸ್ಪರ್ಮಿನಿಂದಲೇ ತ್ರಿಗುಣಿತ ಸಸಿಗಳು ಮೂಡಿದುವು. ಭ್ರೂಣವಾಗಬೇಕೆಂಬ ವಿಧಿಯಿಲ್ಲದ ಅಂಗಾಂಶವೂ ಭ್ರೂಣವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಹಾಗಾದರೆ ಎಲೆಯ ಕೋಶವು ಎಲೆಯಾಗಿಯೇ ಉಳಿಯುವುದೇಕೆ? ಭ್ರೂಣಾವಸ್ಥೆಯಲ್ಲಿ ದುಡಿಯುವ ಲೆಕ್1, ಲೆಕ್2, ಫಸ್3 ಎಂಬ ವಂಶವಾಹಿಗಳು ಮೊಳಕೆಯೊಡೆದ ಬಳಿಕ ಹಿಸ್ಟೋನ್ ಪ್ರೋಟೀನುಗಳ ಮೇಲೆ ಬೀಳುವ ಮೀಥೈಲ್ ಗುರುತುಗಳಿಂದ ಮೌನವಾಗುವುವು. ಬೀಗ ಹಾಕಿದ ಮನೆಯೊಳಗೆ ಸಾಮಗ್ರಿಯೆಲ್ಲವೂ ಇದ್ದಂತೆ, ಸಾಮರ್ಥ್ಯವು ನಾಶವಾಗದೆ ಮುಚ್ಚಿಹೋಗಿರುತ್ತದೆ. 2,4-ಡಿ ಎಂಬ ಕೃತಕ ಆಕ್ಸಿನ್ ಚೋದಕವು ಕೋಶವನ್ನು ಸಂಕಟಕ್ಕೂ ವಿಭಜನೆಗೂ ಏಕಕಾಲದಲ್ಲಿ ದೂಡಿದಾಗ ಈ ನಿರ್ಬಂಧವು ಸಡಿಲಗೊಳ್ಳುವುದು. ಎಚ್ಚೆತ್ತ ಲೆಕ್2 ವಂಶವಾಹಿಯು ಯುಕ್ಕಾ ಎಂಬ ವಂಶವಾಹಿಗಳನ್ನು ಪ್ರಚೋದಿಸಿ, ಕೋಶವು ತನ್ನ ಆಕ್ಸಿನ್ನನ್ನು ತಾನೇ ತಯಾರಿಸುವಂತೆ ಮಾಡುವುದು. 2002ರಲ್ಲಿ ಬೌಟಿಲಿಯೆ ಮತ್ತು ಸಂಗಡಿಗರು ರೇಪ್ ಸಾಸಿವೆಯ ಪರಾಗಭ್ರೂಣಗಳಲ್ಲಿ ಕಂಡ ಬೇಬಿ ಬೂಮ್ ಎಂಬ ವಂಶವಾಹಿಯನ್ನು ಅತಿಯಾಗಿ ದುಡಿಸಿದಾಗಲಂತೂ, ಹೊರಗಿನ ಚೋದಕದ ನೆರವಿಲ್ಲದೆಯೇ ಎಳೆಸಸಿಗಳ ಮೇಲೆ ಭ್ರೂಣಗಳು ಮೂಡಿದುವು. 2025ರಲ್ಲಿ ಚೀನದ ಶಾಂಡಾಂಗ್ ಕೃಷಿ ವಿಶ್ವವಿದ್ಯಾಲಯದವರು, ಅರಬಿಡಾಪ್ಸಿಸ್ ಎಂಬ ಸಣ್ಣ ಸಸ್ಯದ ಎಲೆಯಲ್ಲಿ ಪತ್ರರಂಧ್ರವಾಗಬೇಕಿದ್ದ ಕೋಶವು ಸ್ಪೀಚ್‌ಲೆಸ್ ಮತ್ತು ಲೆಕ್2 ಎಂಬ ವಂಶವಾಹಿಗಳೆರಡರ ಕೂಡುಬಲದಿಂದ ಆಕ್ಸಿನ್ನನ್ನು ಕೂಡಿಹಾಕಿಕೊಂಡು ಭ್ರೂಣದ ದಾರಿ ಹಿಡಿಯುವುದನ್ನು ತೋರಿದರು.

ಇಲ್ಲಿ ಪ್ರಯೋಗಶಾಲೆಯ ನವಶಿಕ್ಷಿತರು ಅಲಕ್ಷಿಸುವ ಅಂಶವೊಂದುಂಟು. ಆಕ್ಸಿನ್ನನ್ನು ಕೊಡುವುದು ಎಷ್ಟು ಮುಖ್ಯವೋ, ಹಿಂತೆಗೆಯುವುದೂ ಅಷ್ಟೇ ಮುಖ್ಯ. ಭ್ರೂಣಕ್ಕೆ ತಲೆಬುಡಗಳು ಮೂಡಬೇಕಾದರೆ ಆಕ್ಸಿನ್ನು ಒಂದೆಡೆ ಹೆಚ್ಚಾಗಿಯೂ ಮತ್ತೊಂದೆಡೆ ಕಡಿಮೆಯಾಗಿಯೂ ಹರಿಯಬೇಕು. ಪೋಷಕ ಮಾಧ್ಯಮದಲ್ಲೆಲ್ಲ ಅದು ತುಂಬಿದ್ದರೆ ಈ ತಾರತಮ್ಯವು ಅಳಿಸಿಹೋಗಿ, ಕೋಶಗಳು ಆಕಾರವಿಲ್ಲದ ರಾಶಿಯಾಗಿ ಬೆಳೆಯುತ್ತಲೇ ಇರುವುವು. ಚೋದಕವು ಆಜ್ಞೆಯಲ್ಲ, ಅವಕಾಶ ಮಾತ್ರ ಎಂಬುದೇ ನನ್ನ ಅಭಿಪ್ರಾಯ.

ತಾಳವಾಡಿಯ ಕಡೆಯ ರೈತರು ಅಂಗಾಂಶ ಕೃಷಿಯ ಬಾಳೆಯನ್ನು ಬಲ್ಲರು; ಆದರೆ ಆ ಸಸಿಗಳು ಬಹುಮಟ್ಟಿಗೆ ಕಂದಿನ ಕುಡಿಯನ್ನು ಕವಲೊಡೆಸಿ ಪಡೆದುವೇ ಹೊರತು ಕಾಯಜ ಭ್ರೂಣಗಳಲ್ಲ. ಬಾಳೆಯ ಫಲವು ಕೆಲವೇ ತಿಂಗಳುಗಳಲ್ಲಿ ತಿಳಿಯುವುದು. ಗಂಧದ ಚೇಗಾದರೋ ಬಲಿಯಲು ದಶಕಗಳನ್ನು ಬೇಡುವುದು, ಅಲ್ಲದೆ ಅರೆಪರಾವಲಂಬಿಯಾದ ಆ ಮರಕ್ಕೆ ಬೇರಿನ ಪಕ್ಕದಲ್ಲಿ ಆಶ್ರಯಸಸ್ಯವೂ ಬೇಕು. ಸೀಸೆಯೊಳಗಿನ ಹಸಿರಿನಿಂದ ಈ ವಿಧಾನದ ಜಯವನ್ನು ಅಳೆಯಲಾಗದು. ಒಂದೆರಡು ಮರಗಳ ಸಂತತಿಯಿಂದಲೇ ತೋಪುಗಳನ್ನು ತುಂಬಿದರೆ ರೋಗವೊಂದಕ್ಕೆ ಎಲ್ಲವೂ ಒಮ್ಮೆಗೇ ತುತ್ತಾದೀತು. ಆದುದರಿಂದ ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಮೊದಲು ಈ ಕಾಡುಗಳಲ್ಲಿ ಉಳಿದಿರುವ ಉತ್ತಮ ತಾಯಿಮರಗಳನ್ನು ಗುರುತಿಸಿ, ಅವುಗಳ ವೈವಿಧ್ಯವನ್ನು ಕಾಪಾಡಿಕೊಂಡ ಅನಂತರವೇ ಪ್ರಯೋಗಶಾಲೆಯ ಸಸಿಗಳನ್ನು ನೆಲಕ್ಕಿಳಿಸಬೇಕು.