ಕಿರಿಯರ ತಂಡ ಗೆಲ್ಲಿಸಿದ ಕೋಚ್ ಹಿರಿಯರ ತಂಡವನ್ನೂ ಗೆಲ್ಲಿಸಬಲ್ಲರೇ? ದ್ರಾವಿಡ್ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಭಾರತ ಗೆದ್ದ ಮರುದಿನ ಒಂದು ಬಗೆಯ ಫಾರ್ವರ್ಡ್ ಬರುತ್ತದೆ: ಅಂಡರ್-19 ಹುಡುಗರನ್ನು ಬೆಳೆಸಿದ ರಾಹುಲ್ ದ್ರಾವಿಡ್ ಮುಟ್ಟಿದ್ದೆಲ್ಲ ಚಿನ್ನ. ಸೋತ ಮರುದಿನ ಇನ್ನೊಂದು ಬರುತ್ತದೆ: ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಿಗೆ ಸ್ಟಾರ್‌ಗಳನ್ನು ಸಂಭಾಳಿಸಲು ಬರುವುದಿಲ್ಲ. ಎಷ್ಟೋ ಸಲ ಎರಡನ್ನೂ ಕಳಿಸಿದವರು ಒಬ್ಬರೇ ಆಗಿರುತ್ತಾರೆ.

ಇದು ಬರೀ ಹರಟೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಪೀಣ್ಯದಲ್ಲಿ ಪಾಳಿ ಮುಗಿಸಿ ಬಂದ ಅಪ್ಪ, ಮಾಕಳಿಯಿಂದ ಮಗನ ಕಿಟ್ ಬ್ಯಾಗನ್ನು ಬೈಕಿಗೆ ಕಟ್ಟಿಕೊಂಡು ಕೋಚಿಂಗ್‌ಗೆ ಹೊರಡುವಾಗ ಅವನ ಲೆಕ್ಕವೂ ಇದೇ: ಈ ಕೋಚ್ ಅಂಡರ್-14 ಕಪ್ ಗೆಲ್ಲಿಸಿದ್ದಾರೆ, ಅಂದರೆ ನನ್ನ ಮಗನನ್ನು ಮೇಲಕ್ಕೆ ತರುತ್ತಾರೆ. ಈ ಲೆಕ್ಕ ಸರಿಯೇ?

ಚಿಕ್ಕ ಉತ್ತರ: ಕಿರಿಯರ ಕೋಚ್ ಹಿರಿಯರ ಆಟದಲ್ಲೂ ಗೆಲ್ಲಬಹುದು. ಆದರೆ ಕಿರಿಯರ ಟ್ರೋಫಿ ನೋಡಿ ಅದನ್ನು ಮೊದಲೇ ಹೇಳಲು ಆಗುವುದಿಲ್ಲ. ಎರಡೂ ಕಡೆ ಹುದ್ದೆಯ ಹೆಸರು ಕೋಚ್ ಎಂದೇ ಇದ್ದರೂ ಮಾಡುವ ಕೆಲಸ ಬೇರೆ.

ದ್ರಾವಿಡ್ ದಾಖಲೆ ಏನು ಹೇಳುತ್ತದೆ?

ದ್ರಾವಿಡ್ 2015ರಲ್ಲಿ ಭಾರತ ಅಂಡರ್-19 ಮತ್ತು ಭಾರತ ‘ಎ’ ತಂಡಗಳ ಕೋಚ್ ಆದರು. 2016ರ ಅಂಡರ್-19 ವಿಶ್ವಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಸೋಲು. 2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ಕಪ್. 2019ರಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರು. 2021ರ ನವೆಂಬರ್‌ನಲ್ಲಿ ಹಿರಿಯರ ತಂಡದ ಕೋಚ್.

ಆಮೇಲಿನದ್ದು ನಿಮಗೆ ನೆನಪಿರುತ್ತದೆ. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್ ಸೋಲು. 2023ರ ಜೂನ್‌ನಲ್ಲಿ ಓವಲ್‌ನಲ್ಲಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಸೋಲು. ಅದೇ ವರ್ಷ ನವೆಂಬರ್ 19ರಂದು, ಸತತ 10 ಪಂದ್ಯ ಗೆದ್ದ ಮೇಲೆ, ಅಹಮದಾಬಾದ್‌ನಲ್ಲಿ ಆಸ್ಟ್ರೇಲಿಯಾ ಎದುರು ಸೋಲು. ‘ಮಕ್ಕಳ ಮೇಷ್ಟ್ರು’ ಫಾರ್ವರ್ಡ್‌ಗೆ ಸುಗ್ಗಿಯೋ ಸುಗ್ಗಿ.

ಏಳು ತಿಂಗಳ ಬಳಿಕ, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ, ದಕ್ಷಿಣ ಆಫ್ರಿಕಾಗೆ 30 ಎಸೆತಗಳಲ್ಲಿ 30 ರನ್ ಸಾಕಿತ್ತು. ಕೊನೆಯ ಓವರ್‌ನ ಮೊದಲ ಎಸೆತದಲ್ಲಿ ಡೇವಿಡ್ ಮಿಲ್ಲರ್ ಹೊಡೆದ ಚೆಂಡನ್ನು ಸೂರ್ಯಕುಮಾರ್ ಯಾದವ್ ಬೌಂಡರಿ ಗೆರೆಯ ಅಂಚಿನಲ್ಲಿ ಹಿಡಿದರು. ಭಾರತ 7 ರನ್‌ಗಳಿಂದ ಗೆದ್ದಿತು. ಆ ಕ್ಯಾಚ್ ಕೈಜಾರಿದ್ದರೆ ದ್ರಾವಿಡ್ ಬಗೆಗಿನ ತೀರ್ಪು ಪೂರ್ತಿ ತಿರುಗಿಬೀಳುವ ಸಾಧ್ಯತೆ ಇತ್ತು, ಅವರ ಕೋಚಿಂಗ್‌ನಲ್ಲಿ ಒಂದಕ್ಷರವೂ ಬದಲಾಗದೆ. ಕೋಚ್ ಗೆದ್ದರೋ ಸೋತರೋ ಎಂದು ಒಂದು ಫೈನಲ್ ನೋಡಿ ತೀರ್ಮಾನಿಸುವುದರ ತೊಂದರೆ ಇದು.

ಗಾಬಾ ಗೆಲುವಿನ ಶ್ರೇಯ ಯಾರದು?

2021ರ ಜನವರಿ 19ರಂದು ಬ್ರಿಸ್ಬೇನ್‌ನ ಗಾಬಾದಲ್ಲಿ ಭಾರತ 3 ವಿಕೆಟ್‌ಗಳಿಂದ ಗೆದ್ದಾಗ ದ್ರಾವಿಡ್ ಫೋಟೋ ಹಾಕಿ ‘ಇದರ ಹಿಂದಿನ ಕೈ’ ಎಂಬ ಪೋಸ್ಟ್‌ಗಳು ಸುರಿದವು. 1988ರಿಂದ ಆಸ್ಟ್ರೇಲಿಯಾ ಆ ಅಂಗಳದಲ್ಲಿ ಟೆಸ್ಟ್ ಸೋತಿರಲಿಲ್ಲ. ಆಗ ಭಾರತದ ಕೋಚ್ ರವಿ ಶಾಸ್ತ್ರಿ. ಆದರೆ ಶುಭಮನ್ ಗಿಲ್, ರಿಷಭ್ ಪಂತ್, ವಾಷಿಂಗ್ಟನ್ ಸುಂದರ್, ಮೊಹಮ್ಮದ್ ಸಿರಾಜ್ ಎಲ್ಲರೂ ದ್ರಾವಿಡ್ ಇದ್ದ ಅಂಡರ್-19 ಅಥವಾ ‘ಎ’ ತಂಡದ ಮೂಲಕ ಬಂದವರೆಂಬುದು ನಿಜ. ಇದು ತಮಗೆ ಸಲ್ಲದ ಶ್ರೇಯ, ಹೊಗಳಿಕೆ ಹುಡುಗರಿಗೆ ಸೇರಬೇಕು ಎಂದು ದ್ರಾವಿಡ್ ಆಗಲೇ ಹೇಳಿದ್ದರು. ಅರ್ಧ ನಿಜ, ಅರ್ಧ ಅಭಿಮಾನ ಅನ್ನೋಣ.

ಇಲ್ಲಿ ಗಮನಿಸಬೇಕಾದ್ದು ಕಿರಿಯರ ಕೋಚ್‌ನ ಕೆಲಸದ ಸ್ವರೂಪ. ಒಬ್ಬ ಹುಡುಗ ಒಂದೇ ಅಂಡರ್-19 ವಿಶ್ವಕಪ್ ಆಡಬೇಕೆಂಬುದು ದ್ರಾವಿಡ್ ನಿಲುವು. 2016ರಲ್ಲಿ ಬಿಸಿಸಿಐ ಅದನ್ನು ನಿಯಮ ಮಾಡಿತು. ಹಾಗಾಗಿ 2018ಕ್ಕೂ ವಯಸ್ಸಿನ ಲೆಕ್ಕದಲ್ಲಿ ಅರ್ಹರಾಗಿದ್ದ ಸುಂದರ್ ಅವರಂಥವರು ಆ ತಂಡಕ್ಕೆ ಬರುವಂತಿರಲಿಲ್ಲ. ಬರೀ ಕಪ್ ಬೇಕಿದ್ದ ಕೋಚ್ ಇಂಥ ನಿಯಮ ಕೇಳುವುದಿಲ್ಲ.

ಅಮೆರಿಕದಲ್ಲಿ ಏನಾಗಿದೆ?

ಈ ಪ್ರಶ್ನೆಗೆ ಅತಿ ಹೆಚ್ಚು ಉದಾಹರಣೆ ಸಿಗುವುದು ಅಮೆರಿಕದಲ್ಲಿ. ಹೆಲ್ಮೆಟ್ ಹಾಕಿಕೊಂಡು ಆಡುವ ಅವರ ಫುಟ್‌ಬಾಲ್‌ನಲ್ಲಿ ಕಾಲೇಜು ಪಂದ್ಯಕ್ಕೇ ಲಕ್ಷ ಜನ ಸೇರುವುದುಂಟು. ಅಲ್ಲಿ ಹೆಸರು ಮಾಡಿದ ಕೋಚ್‌ಗಳನ್ನು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್ ದುಡ್ಡು ಸುರಿದು ಕರೆತರುತ್ತದೆ. ನಿಕ್ ಸೇಬನ್ ಕಾಲೇಜು ಚಾಂಪಿಯನ್ ಆಗಿ 2005ರಲ್ಲಿ ಮಯಾಮಿ ಡಾಲ್ಫಿನ್ಸ್‌ಗೆ ಬಂದರು. ಎರಡು ಸೀಸನ್‌ನಲ್ಲಿ 15 ಗೆಲುವು, 17 ಸೋಲು. ಕಾಲೇಜಿಗೆ ವಾಪಸ್ ಹೋಗಿ ಅಲಬಾಮಾಗೆ ಆರು ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. ಕಾಲೇಜಿನಲ್ಲಿ ಮೂರು ಸಲ ಚಾಂಪಿಯನ್ ಆಗಿದ್ದ ಅರ್ಬನ್ ಮೇಯರ್ 2021ರಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್‌ಗೆ ಬಂದು 13 ಪಂದ್ಯಗಳಲ್ಲಿ 2 ಗೆದ್ದು, ಸೀಸನ್ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು.

ಕಾರಣ ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಕಾಲೇಜು ಕೋಚ್‌ನ ದೊಡ್ಡ ಶಕ್ತಿ ಎಂದರೆ ಅತ್ಯುತ್ತಮ ಹುಡುಗರ ಮನೆಗೆ ಹೋಗಿ, ಅಪ್ಪ ಅಮ್ಮನನ್ನು ಒಪ್ಪಿಸಿ, ತನ್ನ ಕಾಲೇಜಿಗೇ ಕರೆತರುವುದು. ಎದುರಾಳಿಗಿಂತ ಬಲವಾದ ತಂಡ ಅಲ್ಲೇ ಸಿದ್ಧವಾಗುತ್ತದೆ. ವೃತ್ತಿಪರ ಲೀಗ್‌ನಲ್ಲಿ ಹಿಂದಿನ ವರ್ಷ ಕಡೇ ಸ್ಥಾನದಲ್ಲಿದ್ದ ತಂಡಕ್ಕೆ ಹೊಸ ಆಟಗಾರರ ಮೊದಲ ಆಯ್ಕೆ, ಜತೆಗೆ ಎಲ್ಲ ತಂಡಗಳಿಗೂ ಸಂಬಳದ ಮಿತಿ. ಕೋಚ್‌ನ ಹಳೆಯ ಆಯುಧ ಬಾಗಿಲಲ್ಲೇ ಕಿತ್ತುಕೊಂಡ ಹಾಗೆ.

ಕಾಲೇಜು ಕಿರೀಟ ಮತ್ತು ವೃತ್ತಿಪರ ಸೂಪರ್ ಬೌಲ್ ಎರಡನ್ನೂ ಗೆದ್ದವರು ಮೂವರೇ: ಜಿಮ್ಮಿ ಜಾನ್ಸನ್, ಬ್ಯಾರಿ ಸ್ವಿಟ್ಜರ್, ಪೀಟ್ ಕ್ಯಾರಲ್. ಜಾನ್ಸನ್ 1989ರ ಮೊದಲ ಸೀಸನ್‌ನಲ್ಲಿ 1 ಗೆದ್ದು 15 ಸೋತವರು. ಆದರೆ ತಂಡದ ದೊಡ್ಡ ಆಟಗಾರನನ್ನು ಕೊಟ್ಟು ರಾಶಿ ಹೊಸ ಆಯ್ಕೆಗಳನ್ನು ಪಡೆಯುವ ಅಧಿಕಾರ ಅವರ ಕೈಯಲ್ಲಿತ್ತು, ಮಾಲೀಕರಿಗೆ ತಾಳ್ಮೆಯೂ ಇತ್ತು. ಸ್ವಿಟ್ಜರ್ ಗೆದ್ದದ್ದು ಜಾನ್ಸನ್ ಕಟ್ಟಿದ್ದ ತಂಡದೊಂದಿಗೆ.

ಅದೇ ಕಣ್ಣಿಂದ ಐಪಿಎಲ್ ನೋಡಿ

ಭಾರತದ ಹಿರಿಯರ ತಂಡಕ್ಕೂ ಅಂಡರ್-19 ತಂಡಕ್ಕೂ ಆಟಗಾರರು ಬರುವುದು ಒಂದೇ 140 ಕೋಟಿ ಜನರಿಂದ. ಹಾಗಾಗಿ ದ್ರಾವಿಡ್ ಮೇಲಕ್ಕೆ ಹೋದಾಗ ಪ್ರತಿಭೆಯ ಬಲ ಜತೆಗೇ ಹೋಯಿತು. ಐಪಿಎಲ್ ಹಾಗಲ್ಲ. 2025ರ ಸೀಸನ್‌ಗೆ ಎಲ್ಲ ತಂಡಗಳ ಪರ್ಸ್ ಸಮ, 120 ಕೋಟಿ ರೂಪಾಯಿ. ಆ ವರ್ಷ ದ್ರಾವಿಡ್ ಕೋಚ್ ಆಗಿದ್ದ ರಾಜಸ್ಥಾನ್ ರಾಯಲ್ಸ್ 14 ಪಂದ್ಯಗಳಲ್ಲಿ 4 ಗೆದ್ದು ಒಂಬತ್ತನೇ ಸ್ಥಾನಕ್ಕೆ ಬಿತ್ತು. ಒಂದು ಸೀಸನ್ ನೋಡಿ ತೀರ್ಪು ಬೇಡ, ಆದರೆ ಒಂದೇ ವರ್ಷದ ಹಿಂದೆ ವಿಶ್ವಕಪ್ ಗೆಲ್ಲಿಸಿದ್ದ ಮನುಷ್ಯ ಇವರೇ. ಅದೇ ಸೀಸನ್‌ನಲ್ಲಿ ಏಪ್ರಿಲ್ 28ರಂದು ಜೈಪುರದಲ್ಲಿ 14 ವರ್ಷದ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ಶತಕ ಹೊಡೆದಾಗ, ಕಾಲಿಗೆ ಗಾಯವಾಗಿದ್ದ ದ್ರಾವಿಡ್ ಗಾಲಿಕುರ್ಚಿ ಬಿಟ್ಟು ಎದ್ದ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬೇಕು. ತಂಡ ಸೋಲುತ್ತಿದ್ದರೂ ಹುಡುಗ ಬೆಳೆಯುತ್ತಿದ್ದ.

ಕಂಠೀರವ ಕ್ರೀಡಾಂಗಣದ ಬೆಂಗಳೂರು ಎಫ್‌ಸಿಯಲ್ಲೂ ಇಂಥದೇ ಕಥೆ ಇದೆ. 2021ರಲ್ಲಿ ಬಂದ ಕೋಚ್ ಮಾರ್ಕೊ ಪೆಜ್ಜಾಯುವೊಲಿ, 2009ರಲ್ಲಿ ಜರ್ಮನಿಯ ಅಂಡರ್-17 ತಂಡವನ್ನು ಯುರೋಪ್ ಚಾಂಪಿಯನ್ ಮಾಡಿದವರು. ನಡುವೆ ಜರ್ಮನಿಯ ಮೊದಲ ದರ್ಜೆಯ ಹಾಫನ್‌ಹೈಮ್‌ನಲ್ಲಿ ಅರ್ಧ ಸೀಸನ್ ಅಷ್ಟೇ ಉಳಿದಿದ್ದರು. ಇಲ್ಲಿ 2021-22ರ ಐಎಸ್‌ಎಲ್‌ನಲ್ಲಿ ತಂಡ ಆರನೇ ಸ್ಥಾನ ಪಡೆಯಿತು, ಅವರು ಹೊರಟರು. ಕೋವಿಡ್ ಕಾರಣಕ್ಕೆ ಆ ಲೀಗ್ ಗೋವಾದಲ್ಲೇ ನಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ 2009ರ ಆ ಹುಡುಗರಲ್ಲಿ ಮಾರಿಯೊ ಗೋಟ್ಜೆ ಇದ್ದ. 2014ರ ವಿಶ್ವಕಪ್ ಫೈನಲ್‌ನ ಏಕೈಕ ಗೋಲು ಅವನದೇ.

ಮಾಕಳಿಯ ಅಪ್ಪನ ಲೆಕ್ಕ

ಕಿರಿಯರ ಕಪ್ ಗೆಲ್ಲಲು ಸುಲಭ ದಾರಿಗಳಿವೆ. ಅಂಡರ್-14ರಲ್ಲಿ ಬೇಗ ಮೀಸೆ ಚಿಗುರಿದ, ಎತ್ತರದ ಹುಡುಗರನ್ನೇ ಆಡಿಸಿದರೆ ಸಾಕು. ವಯಸ್ಸಿನ ಗುಂಪಿನ ಕಟಾಫ್ ದಿನಾಂಕದ ಬಳಿಕ ಬೇಗ ಹುಟ್ಟಿದ ಮಕ್ಕಳೇ ಕಿರಿಯರ ತಂಡಗಳಲ್ಲಿ ಹೆಚ್ಚಿರುತ್ತಾರೆಂದು ಹಲವು ದೇಶಗಳ, ಹಲವು ಆಟಗಳ ಅಧ್ಯಯನಗಳು ತೋರಿಸಿವೆ. ಕೆಲವು ತಿಂಗಳ ಹೆಚ್ಚಿನ ಬೆಳವಣಿಗೆಯೇ ಪ್ರತಿಭೆಯಂತೆ ಕಾಣುತ್ತದೆ. ಇನ್ನು ಸುಳ್ಳು ವಯಸ್ಸು ಬರೆಸುವುದಂತೂ ಇದ್ದೇ ಇದೆ. ಅದಕ್ಕೇ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. 2015ರ ಪಟೌಡಿ ಉಪನ್ಯಾಸದಲ್ಲಿ ದ್ರಾವಿಡ್ ಈ ಚಾಳಿಯನ್ನು ಕಟುವಾಗಿಯೇ ಟೀಕಿಸಿದ್ದರು.

ಆದ್ದರಿಂದ ಫೀಸ್ ಕಟ್ಟುವ ಮುನ್ನ ಗೋಡೆಯ ಮೇಲಿನ ಕಪ್‌ಗಳನ್ನು ಎಣಿಸಬೇಡಿ. ನಾಲ್ಕು ವರ್ಷ ಹಿಂದಿನ ತಂಡದ ಫೋಟೋ ತೋರಿಸಿ ಎನ್ನಿ. ಅದರಲ್ಲಿರುವ ಹುಡುಗರು ಈಗ ಎಲ್ಲಿ ಆಡುತ್ತಿದ್ದಾರೆ, ಎಷ್ಟು ಮಂದಿ ಆಟ ಬಿಟ್ಟರು, ಬೆಂಚಿನಲ್ಲಿ ಕೂರುತ್ತಿದ್ದ ಕುಳ್ಳ ಹುಡುಗನಿಗೆ ಪಂದ್ಯ ಸಿಗುತ್ತಿತ್ತೇ ಎಂದು ಕೇಳಿ. ಉತ್ತರ ಗೊತ್ತಿರುವ ಕೋಚ್ ಹೆಸರು ಹಿಡಿದು ಹೇಳುತ್ತಾರೆ.