ಹಸಿರು ಬಳೆ ಬರೋ ತನಕ ನಿಂತೇ ಇರು: ರೈಲಿನ ಸೀಟು ಮತ್ತು ಬಸುರಿಯ ಚರಿತ್ರೆ

ಇಯರ್‌ಫೋನ್ ಹಾಕ್ಕೊಂಡು ರೈಲಿನಲ್ಲೋ ಮೆಟ್ರೋದಲ್ಲೋ ನಿಂತುಕೊಂಡು ಇದನ್ನ ಕೇಳ್ತಾ ಇದ್ದರೆ ಇವತ್ತಿನ ಕಂತು ನಿಮಗೆ. ಸೀಟು ಸಿಕ್ಕಿ ಕೂತು ಕೇಳ್ತಾ ಇದ್ದರೆ, ಇನ್ನೂ ಹೆಚ್ಚಾಗಿ ನಿಮಗೆ.

ಮೊದಲು ಒಂದು ಮನೆ ಸುದ್ದಿ. ನಡುವೆ ಕೆಲವು ವಾರ ಕಂತು ಯಾಕೆ ಬರಲಿಲ್ಲ ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ. ಕಾರಣ ಏನಂದ್ರೆ, ನಾನೀಗ ಬಸುರಿ. ಏಳನೇ ತಿಂಗಳು. ಮೂರು ತಿಂಗಳು ತುಂಬೋವರೆಗೂ ಯಾರಿಗೂ ಬಾಯಿ ಬಿಡಬೇಡ ಅಂತ ಅಮ್ಮ ತಾಕೀತು ಮಾಡಿದ್ದರು, ಅದಕ್ಕೇ ಹೇಳಿರಲಿಲ್ಲ. ಆ ಮೂರು ತಿಂಗಳೊಳಗೆ ನಡೆದದ್ದೇ ಈ ಕಂತಿಗೆ ಮೂಲ.

ವಾರಕ್ಕೆ ಮೂರು ದಿನ ನಾನು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಬರ್ತೀನಿ. ಆಗ ಹತ್ತನೇ ವಾರ ನಡೀತಿತ್ತು. ಹೆಂಗಸರ ಬೋಗಿಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಬೆಳಗ್ಗೆ ತಿಂದ ಎರಡು ಬಿಸ್ಕತ್ತೂ ಹೊಟ್ಟೆಯಲ್ಲಿ ನಿಲ್ತಿಲ್ಲ, ಕಣ್ಣು ಕತ್ತಲೆ ಬರ್ತಾ ಇದೆ. ಐವತ್ತು ದಾಟಿದ ಒಬ್ಬರನ್ನ ಕೇಳಿದೆ, "ಆಂಟಿ, ಸ್ವಲ್ಪ ಕೂರೋಕೆ ಜಾಗ ಕೊಡ್ತೀರಾ? ನಾನು ಬಸುರಿ." ಅವರು ಮುಖ ನೋಡಲಿಲ್ಲ, ನೇರ ಹೊಟ್ಟೆ ನೋಡಿದರು. "ಎಷ್ಟು ತಿಂಗಳು?" "ಎರಡೂವರೆ." "ಅಷ್ಟಕ್ಕೇನಾ? ನಾವೆಲ್ಲ ಹೆತ್ತಿಲ್ವೇನಮ್ಮ?" ಅಕ್ಕಪಕ್ಕದವರು ನಕ್ಕರು. ನಾನು ಬಾಗಿಲ ಹತ್ತಿರ ಬ್ಯಾಗ್ ಹಾಸಿಕೊಂಡು ಅದರ ಮೇಲೆ ಕೂತೆ.

ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಕ್ಲಾಸಿನಲ್ಲಿ ಕಲಿಸೋ ಮೊದಲ ಪಾಠ, ವೋಚರ್ ಇಲ್ಲದ ಎಂಟ್ರಿಯನ್ನ ನಂಬಬೇಡ ಅಂತ. ಆವತ್ತು ನೆಲದ ಮೇಲೆ ಕೂತಾಗ ಅದೇ ನೆನಪಾಯ್ತು. ನನ್ನ ಹತ್ತಿರ ಇನ್ನೂ ವೋಚರ್ ಇರಲಿಲ್ಲ. ವಾಕರಿಕೆ, ಸುಸ್ತು, ತಲೆಸುತ್ತು ಸಾಮಾನ್ಯವಾಗಿ ಜೋರಾಗಿರೋದು ಮೊದಲ ಮೂರು ತಿಂಗಳಲ್ಲಿ. ಹಾರ್ಮೋನು ಏರುತ್ತೆ, ಬಿಪಿ ಇಳಿಯುತ್ತೆ. ಹೊಟ್ಟೆ ಕಾಣೋದು ಆಮೇಲೆ. ಅಂದರೆ ಸೀಟು ಬೇಕಾದಾಗ ಸಾಕ್ಷಿ ಇರಲ್ಲ, ಸಾಕ್ಷಿ ಸಿಗೋ ಹೊತ್ತಿಗೆ ಎಷ್ಟೋ ಜನಕ್ಕೆ ಮೊದಲಿನ ಆ ಸಂಕಟ ಕಳೆದಿರುತ್ತೆ.

ಇದನ್ನ ರೈಲಿನವರು ಯಾವತ್ತಾದ್ರೂ ಯೋಚನೆ ಮಾಡಿದ್ದರಾ ಅಂತ ಹುಡುಕೋಕೆ ಹೊರಟೆ.

ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಬೋರಿ ಬಂದರ್‌ನಿಂದ ಠಾಣೆಗೆ ಓಡಿದ್ದು 1853ರ ಏಪ್ರಿಲ್ 16ಕ್ಕೆ, ಎಲ್ಲರಿಗೂ ಗೊತ್ತು. ಹೆಂಗಸರಿಗೆ ಜಾಗ ಕೊಡಲೇಬೇಕು ಅಂತ ಕಾನೂನು ಬರೋಕೆ ಅಲ್ಲಿಂದ 37 ವರ್ಷ ಬೇಕಾಯ್ತು. 1890ರ ಇಂಡಿಯನ್ ರೈಲ್ವೇಸ್ ಆಕ್ಟ್, 64ನೇ ಸೆಕ್ಷನ್. 1891ರ ಜನವರಿ 1ರಿಂದ ಪ್ರತಿ ಪ್ರಯಾಣಿಕರ ರೈಲಿನಲ್ಲೂ, ಅತಿ ಕೆಳಗಿನ ದರ್ಜೆಯಲ್ಲಿ, ಕನಿಷ್ಠ ಒಂದು ಕಂಪಾರ್ಟ್‌ಮೆಂಟ್ ಹೆಂಗಸರಿಗೆ ಮಾತ್ರ ಅಂತ ಮೀಸಲಿಡಬೇಕು. ರೈಲು 50 ಮೈಲಿಗಿಂತ ಹೆಚ್ಚು ದೂರ ಹೋಗೋದಾದರೆ ಅಂಥ ಒಂದು ಕಂಪಾರ್ಟ್‌ಮೆಂಟ್‌ನಲ್ಲಿ ಶೌಚಾಲಯ ಇರಬೇಕು.

ಈ ಎರಡನೇ ಮಾತು ಓದಿ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು, ಸ್ಟೇಷನ್‌ನಲ್ಲಿ ಚೊಂಬು ಹಿಡಿದು ಹೋದಾಗ ರೈಲು ಬಿಟ್ಟುಹೋಯ್ತು ಅಂತ ಬಂಗಾಳಿ ಬಾಬು ಒಬ್ಬರು ಬರೆದ ಇಂಗ್ಲಿಷ್ ಪತ್ರ ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ? ಅದು 1909ರದ್ದು ಅಂತಾರೆ. ರೈಲಿಗೆ ಶೌಚಾಲಯ ಬಂದಿದ್ದೇ ಆ ಪತ್ರದಿಂದ ಅಂತ ಕಥೆ. ಆದರೆ ಅದಕ್ಕೆ 18 ವರ್ಷ ಮುಂಚೆಯೇ ಕಾನೂನಿನ ಪುಸ್ತಕದಲ್ಲಿ ಹೆಂಗಸರ ಡಬ್ಬಿಗೆ ಶೌಚಾಲಯ ಬರೆದಿತ್ತು. ಬಸುರಿಯಾದವರಿಗೆ ಇದರ ಬೆಲೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಾನೂನು ಮಾಡಿದವರ ತಲೆಯಲ್ಲಿ ಇದ್ದದ್ದು ಬಸುರಿ ಅಲ್ಲ, ಪರದೆ. ಮರ್ಯಾದಸ್ಥರ ಮನೆ ಹೆಂಗಸರು ಪರಗಂಡಸರ ಜೊತೆ ಒಂದೇ ಡಬ್ಬಿಯಲ್ಲಿ ಕೂರೋದು ಹೇಗೆ ಅನ್ನೋದು ಆ ಕಾಲದ ದೊಡ್ಡ ಚರ್ಚೆ. 'ಜನಾನಾ' ಡಬ್ಬಿ ಅಂತ ಅದಕ್ಕೊಂದು ಹೆಸರೇ ಇತ್ತು. ಹಾಗಾಗಿ ಗಂಡಸರನ್ನ ಹೊರಗಿಡೋ ಗೋಡೆ ಕಟ್ಟಿದರು. ಗೋಡೆ ಒಳಗೆ ಯಾರು ಕೂರಬೇಕು, ಯಾರು ನಿಲ್ಲಬೇಕು ಅನ್ನೋದಕ್ಕೆ ಕಾನೂನಿನಲ್ಲಿ ಒಂದು ಪದವೂ ಇಲ್ಲ. ಇವತ್ತು ಜಾರಿಯಲ್ಲಿರೋ 1989ರ ರೈಲ್ವೇಸ್ ಆಕ್ಟ್‌ನ 58ನೇ ಸೆಕ್ಷನ್ ಕೂಡ ಅದರದೇ ಮೊಮ್ಮಗಳು: ಹೆಂಗಸರಿಗೆ ಒಂದು ಕಂಪಾರ್ಟ್‌ಮೆಂಟ್, ಇಲ್ಲಾ ಇಷ್ಟು ಸೀಟು ಅಂತ. 162ನೇ ಸೆಕ್ಷನ್ ಪ್ರಕಾರ ಅಲ್ಲಿಗೆ ನುಗ್ಗಿದ ಗಂಡಸಿಗೆ 500 ರೂಪಾಯಿವರೆಗೆ ದಂಡ, 12 ವರ್ಷದೊಳಗಿನ ಗಂಡು ಮಗುವಿಗೆ ವಿನಾಯಿತಿ. ಹುಟ್ಟಿದ ಮಗುವಿಗೆ ಕಾನೂನಿನಲ್ಲಿ ಜಾಗ ಇದೆ ನೋಡಿ. ಹೊಟ್ಟೆಯಲ್ಲಿರೋದಕ್ಕೆ ಇಲ್ಲ.

ಆ ಕೆಳಗಿನ ದರ್ಜೆ ಹೇಗಿತ್ತು ಅಂತ ತಿಳೀಬೇಕಾದರೆ ಗಾಂಧೀಜಿ ಥರ್ಡ್ ಕ್ಲಾಸ್ ಬಗ್ಗೆ ಬರೆದದ್ದನ್ನ ಓದಬೇಕು. 1917ರ ಸೆಪ್ಟೆಂಬರ್‌ನಲ್ಲಿ ಅವರು ಬಾಂಬೆಯಿಂದ ಮದ್ರಾಸಿಗೆ ಹೋದರು. 22 ಜನಕ್ಕೆ ಅಂತ ಮಾಡಿದ ಡಬ್ಬಿಯಲ್ಲಿ ದಾರಿಯ ಬಹುಪಾಲು 35 ಜನ. ಕೆಲವರು ಕೊಳಕಿನ ನಡುವೆ ನೆಲದ ಮೇಲೆ ಮಲಗಿದ್ದರು, ಕೆಲವರು ನಿಂತೇ ಇದ್ದರು. ನಮ್ಮ ರಾಯಚೂರು ದಾಟಿದ ಮೇಲಂತೂ ತಡೆಯೋಕಾಗದ ನೂಕುನುಗ್ಗಲು ಅಂತ ಬರೀತಾರೆ. ಎರಡು ರಾತ್ರಿಯ ಪ್ರಯಾಣ ಅದು. ತವರಿಗೆ ಬಾಣಂತನಕ್ಕೆ ಅಂತ ಹೊರಟ ಎಷ್ಟು ಹೆಣ್ಣುಮಕ್ಕಳು ಇಂಥ ಡಬ್ಬಿಗಳಲ್ಲಿ ಬಂದಿರಬಹುದು? ಅವರ್ಯಾರೂ ಬರೆದಿಟ್ಟಿದ್ದು ನನ್ನ ಕೈಗೆ ಸಿಗಲಿಲ್ಲ.

ಬರೆಯದೇ ಇದ್ದರೇನು, ಹೇಳೋರು ಇದ್ದಾರಲ್ಲ. ನನ್ನ ಚಿಕ್ಕಮ್ಮ ಮದುವೆಯಾಗಿ ಡೊಂಬಿವಲಿಗೆ ಹೋದವರು. 1996ರಲ್ಲಿ ಬಸುರಿಯಾಗಿದ್ದಾಗ ದಿನಾ ಲೋಕಲ್ ಹಿಡಿದು ಮುಂಬೈ ಕೋಟೆಯ ಆಫೀಸಿಗೆ ಹೋಗ್ತಿದ್ದರು. ಹೆಂಗಸರಿಗೇ ಅಂತ ಇಡೀ ಒಂದು ರೈಲು 1992ರ ಮೇ 5ರಂದು ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಶುರುವಾಗಿತ್ತು, ಆದರೆ ಅದು ಪಶ್ಚಿಮ ಲೈನು. ಚಿಕ್ಕಮ್ಮನದು ಸೆಂಟ್ರಲ್ ಲೈನಿನ ಲೇಡೀಸ್ ಡಬ್ಬಿ. ಅಲ್ಲಿ ಯಾವ ಬೋರ್ಡಿನಲ್ಲೂ ಬರೆಯದ ಒಂದು ಕಾನೂನು ಇದೆ. ಒಳಗೆ ಹೋದ ಕೂಡಲೇ ಕೂತವರನ್ನ ಒಬ್ಬೊಬ್ಬರಾಗಿ ಕೇಳಬೇಕು, "ಕಹಾಂ ಉತರೋಗೀ?" ಎಲ್ಲಿ ಇಳೀತೀರ? ಠಾಣೆ ಅಂದರೆ ಆ ಸೀಟು ಠಾಣೆಯಿಂದ ನಿಮ್ಮದು. ಆಮೇಲೆ ಬಂದವಳು ಕೇಳಿದರೆ, ಅದು ಹೋಯ್ತು ಅಂತ ಕೂತವರೇ ಹೇಳ್ತಾರೆ. ಇದಲ್ಲದೆ ನಾಲ್ಕನೇ ಸೀಟು. ಮೂರು ಜನದ ಬೆಂಚಿನ ತುದಿಯಲ್ಲಿ ಅರ್ಧ ತೊಡೆ ಇಟ್ಟು ಕೂರೋದು.

"ಎರಡನೇ ತಿಂಗಳಲ್ಲೇ ಟ್ರೈನ್ ಗ್ರೂಪಿಗೆ ಹೇಳಿಬಿಟ್ಟಿದ್ದೆ ಕಣೇ," ಅಂತಾರೆ ಚಿಕ್ಕಮ್ಮ. "ಅತ್ತೆಗೆ ಆಮೇಲೆ ಹೇಳಿದ್ದು. ಅತ್ತೆ ಹತ್ತಿರ ಸೀಟು ಇರಲಿಲ್ಲವಲ್ಲ!" ದಿನಾ ಅದೇ ರೈಲು, ಅದೇ ಡಬ್ಬಿ, ಅದೇ ಹತ್ತು ಮುಖ. ಅವರಲ್ಲಿ ಯಾರೋ ಒಬ್ಬರು ಎದ್ದು ನಿಲ್ತಿದ್ದರು. ಕಿಟಕಿ ಪಕ್ಕದ ಸೀಟೇ ಕೊಡ್ತಿದ್ದರಂತೆ, ವಾಂತಿ ಬಂದರೆ ಅಂತ. ಸರ್ಟಿಫಿಕೇಟ್ ಕೇಳಿದವರಿಲ್ಲ. ಹಾಗಂತ ಇದನ್ನ ಚಿನ್ನದ ಕಾಲ ಅಂದುಕೊಳ್ಳಬೇಡಿ. ಗ್ರೂಪು ಇದ್ದವರಿಗೆ ಮಾತ್ರ ಈ ಭಾಗ್ಯ. ಒಂದು ದಿನ ರೈಲು ತಪ್ಪಿ ಮುಂದಿನದಕ್ಕೆ ಹತ್ತಿದರೆ ತಾನೂ ಕಲ್ಯಾಣದಿಂದ ಬಂದ ಇನ್ನೊಬ್ಬಳು ಅಪರಿಚಿತೆ ಅಷ್ಟೇ ಅಂತ ಅವರೇ ಒಪ್ಪಿಕೊಳ್ತಾರೆ.

ಪರಿಚಯ ಇಲ್ಲದವರ ನಡುವೆ ಏನು ಮಾಡೋದು? ಪ್ಯಾರಿಸ್‌ನವರು ಕಾಗದ ಹಿಡಿದರು. ಅಲ್ಲಿನ ಮೆಟ್ರೋ ಬೋಗಿಗಳಲ್ಲಿ ಬಹಳ ಕಾಲ ಒಂದು ಫಲಕ ಇತ್ತು, ಸೀಟು ಯಾರಿಗೆ ಮೊದಲು ಅಂತ ನಂಬರ್ ಹಾಕಿ ಬರೆದದ್ದು. ಒಂದು, ಯುದ್ಧದಲ್ಲಿ ಅಂಗ ಕಳೆದುಕೊಂಡವರು. ಎರಡು, ಕುರುಡರು, ಕೆಲಸದಲ್ಲಿ ಅಂಗವಿಕಲರಾದವರು. ಮೂರು, ಗರ್ಭಿಣಿಯರು ಮತ್ತು 4 ವರ್ಷದೊಳಗಿನ ಮಕ್ಕಳನ್ನ ಕರೆತಂದವರು. ಮಹಾಯುದ್ಧ ಮುಗಿಸಿ ಬಂದ ದೇಶದ ಮನಸ್ಸು ಆ ಪಟ್ಟಿಯಲ್ಲಿ ಕಾಣುತ್ತೆ. ಗರ್ಭಿಣಿಯರಿಗೆ ಆದ್ಯತಾ ಕಾರ್ಡ್ ಕೂಡ ಇತ್ತು. ಕ್ಯಾಂಟೀನ್ ಟೋಕನ್ ತರಹ ತೋರಿಸಿ ಕೂರಬೇಕು.

ಜಪಾನಿನ ಕಥೆ ಬೇರೆ. 1973ರ ಸೆಪ್ಟೆಂಬರ್ 15, ಅಲ್ಲಿ ಹಿರಿಯರ ದಿನ. ಅವತ್ತು ಟೋಕಿಯೋದ ಚುವೋ ಲೈನಿನಲ್ಲಿ ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ 'ಸಿಲ್ವರ್ ಸೀಟ್' ಇಟ್ಟರು. ಬೆಳ್ಳಿ ಕೂದಲಿಗೂ ಆ ಹೆಸರಿಗೂ ಸಂಬಂಧ ಇಲ್ಲ. ಸೀಟು ಬೇರೆ ಬಣ್ಣದಲ್ಲಿ ಕಾಣಬೇಕಿತ್ತು, ಬುಲೆಟ್ ರೈಲಿಗೆ ತಂದ ಬೆಳ್ಳಿಬೂದು ಬಟ್ಟೆ ಉಳಿದಿತ್ತು, ಅದನ್ನೇ ಹಾಕಿದರು! ಆಮೇಲೆ 1990ರ ದಶಕದಲ್ಲಿ ಇವು 'ಆದ್ಯತೆಯ ಸೀಟು' ಆದವು, ಬಸುರಿಯರಿಗೂ ಅಂತ ಸ್ಪಷ್ಟವಾಯ್ತು. ಆದರೆ ಮೊದಲ ತಿಂಗಳುಗಳ ಸಮಸ್ಯೆ ಅಲ್ಲೂ ಹಾಗೇ ಉಳೀತು. 2006ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ 'ಮೆಟರ್ನಿಟಿ ಮಾರ್ಕ್' ತಂತು. ಬ್ಯಾಗಿಗೆ ತೂಗುಹಾಕೋ ಸಣ್ಣ ಗುಂಡು ಬಿಲ್ಲೆ, ಮೇಲೆ ತಾಯಿ ಮಗುವಿನ ಚಿತ್ರ, ಹೊಟ್ಟೆಯಲ್ಲಿ ಮಗು ಇದೆ ಅನ್ನೋ ಸಾಲು. ಲಂಡನ್‌ನಲ್ಲಿ ಅದಕ್ಕೆ ಒಂದು ವರ್ಷ ಮುಂಚೆ, 2005ರಲ್ಲಿ, 'ಬೇಬಿ ಆನ್ ಬೋರ್ಡ್' ಬ್ಯಾಡ್ಜ್ ಬಂದಿತ್ತು. ಬಿಟ್ಟಿ. 1863ರಿಂದ ನೆಲದಡಿ ರೈಲು ಓಡಿಸ್ತಿರೋ ಊರಿಗೆ ಅದು ಹೊಳೆಯೋಕೆ 142 ವರ್ಷ ಹಿಡೀತು. 2013ರ ಮಾರ್ಚ್‌ನಲ್ಲಿ, ಬಸುರಿಯಾಗಿದ್ದ ರಾಜಕುಮಾರ ವಿಲಿಯಂ ಅವರ ಹೆಂಡತಿ ಕೇಟ್ ಬೇಕರ್ ಸ್ಟ್ರೀಟ್ ಸ್ಟೇಷನ್‌ಗೆ ಬಂದಾಗ ಅವರಿಗೂ ಒಂದು ಕೊಟ್ಟರು. ಆಯಮ್ಮನಿಗೆ ರೈಲಿನಲ್ಲಿ ಸೀಟಿನ ಚಿಂತೆ ಎಂಥದು ಅಂತ ನನಗೆ ನಗು ಬಂತು, ಆದರೆ ಫೋಟೋ ಊರೆಲ್ಲ ಓಡಾಡಿತು.

ಬ್ಯಾಡ್ಜ್ ನಿಜವಾಗಿ ಸಹಾಯ ಮಾಡೋದು ಕೂತವರಿಗೆ ಅಂತ ನನಗನಿಸುತ್ತೆ. ಇವಳು ಬಸುರಿಯೋ, ದಪ್ಪ ಇದ್ದಾಳೋ, ಕೇಳಿದರೆ ಬೈತಾಳೋ ಅನ್ನೋ ಮುಜುಗರ ಅವರಿಗೆ ತಪ್ಪುತ್ತೆ. ಆದರೆ ಜಪಾನಿನಲ್ಲಿ ಎಷ್ಟೋ ಹೆಂಗಸರು ಬಿಲ್ಲೆಯನ್ನ ಬ್ಯಾಗಿನೊಳಗೆ ತಿರುಗಿಸಿ ಇಡ್ತಾರೆ ಅಂತ ಅಲ್ಲಿನ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬಂದಿದೆ. ಮೆರೀತಾಳೆ ಅಂದುಕೊಳ್ತಾರೆ, ಯಾರಾದ್ರೂ ತಳ್ಳಬಹುದು, ಮಕ್ಕಳಿಗಾಗಿ ಹಂಬಲಿಸ್ತಿರೋ ಯಾರದೋ ಮನಸ್ಸು ನೋಯುತ್ತೆ ಅನ್ನೋ ಭಯ. ಇದನ್ನ ಓದಿದಾಗ ಅಮ್ಮನ "ಬಾಯಿ ಬಿಡಬೇಡ" ನೆನಪಾಯ್ತು. ದೃಷ್ಟಿ ಅನ್ನೋದು ಬರೀ ನಮ್ಮ ಊರಿನ ಸೊತ್ತಲ್ಲ. ದಕ್ಷಿಣ ಕೊರಿಯಾದ ಬೂಸಾನ್‌ನವರು 2016ರಲ್ಲಿ ಮಾತನ್ನೇ ತಪ್ಪಿಸೋಕೆ ನೋಡಿದರು. ಬಸುರಿಯ ಬ್ಯಾಗಿನಲ್ಲಿ ಬ್ಲೂಟೂತ್ ಬೀಕನ್, ಅವಳು ಹತ್ತಿರ ಬಂದರೆ ಸೀಟಿನ ಪಕ್ಕ ಗುಲಾಬಿ ದೀಪ ಹತ್ತುತ್ತೆ. ಆದರೆ ದೀಪ ಹತ್ತಿದ್ದು ಕಾಣೋಕೆ ಫೋನಿನಿಂದ ತಲೆ ಎತ್ತಬೇಕಲ್ಲ!

ನಮ್ಮಲ್ಲಿ ಈಗ ಏನಿದೆ? ರಿಸರ್ವೇಶನ್ ಇರೋ ರೈಲಿನಲ್ಲಿ ಲೋವರ್ ಬರ್ತ್ ಕೋಟಾ ಇದೆ: ಸ್ಲೀಪರ್ ಬೋಗಿಗೆ ಆರೇಳು ಬರ್ತ್, ಹಿರಿಯರಿಗೆ, 45 ದಾಟಿದ ಹೆಂಗಸರಿಗೆ, ಗರ್ಭಿಣಿಯರಿಗೆ ಸೇರಿ. ಗರ್ಭಿಣಿ ಅನ್ನೋದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಮುಂಬೈ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿಗೆ ಬಸುರಿಯರೂ ಹತ್ತಬಹುದು. ನಮ್ಮ ಮೆಟ್ರೋದಲ್ಲಿ ಸೀಟಿನ ಮೇಲೆ ಸ್ಟಿಕರ್. ರಿಸರ್ವೇಶನ್ ಇಲ್ಲದೆ ದಿನಾ ಓಡಾಡೋ ರೈಲಿನಲ್ಲಿ ನನಗೆ ಇರೋದು ಮಾತ್ರ 1891ರ ಗೋಡೆ.

ಅಲ್ಲ, ಇನ್ನೊಂದು ಇದೆ. ಹೋದ ತಿಂಗಳು ಮನೆಯಲ್ಲಿ ಸೀಮಂತ ಆಯ್ತು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಸೋಮವಾರ ರೈಲು ಹತ್ತಿದೆ, ಮೇಲಿನ ಹಿಡಿ ಹಿಡಿದುಕೊಳ್ಳೋಕೆ ಕೈ ಎತ್ತಿದೆ, ಬಳೆ ಸದ್ದಾಯ್ತು. ಮೂರು ಜನ ಒಟ್ಟಿಗೆ ಎದ್ದರು! ಅವರಲ್ಲಿ ಒಬ್ಬರು ಅದೇ ಆಂಟಿ. ನನ್ನ ಗುರುತು ಅವರಿಗೆ ಸಿಗಲಿಲ್ಲ ಅನಿಸುತ್ತೆ. "ಕೂತ್ಕೊಳಮ್ಮ, ಎಷ್ಟು ಹೊತ್ತಿಂದ ನಿಂತಿದೀಯ" ಅಂದರು. ಕೂತೆ. ಅವರು ಹೆತ್ತಾಗ ಹತ್ತನೇ ವಾರದಲ್ಲಿ ಅವರಿಗೆ ಯಾರಾದ್ರೂ ಜಾಗ ಕೊಟ್ಟಿದ್ದರಾ ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ.

ಮೊನ್ನೆ ಗುರುವಾರ ಬಾಗಿಲ ಹತ್ತಿರ ಒಬ್ಬಳು ಹುಡುಗಿ, ನನಗಿಂತ ಚಿಕ್ಕವಳು, ಕಂಬಕ್ಕೆ ಹಣೆ ಒತ್ತಿಕೊಂಡು ನಿಂತಿದ್ದಳು. ಮುಖ ಬಿಳುಚಿತ್ತು. ಬಸುರಿಯೋ, ಜ್ವರವೋ, ರಾತ್ರಿ ಪಾಳಿ ಮುಗಿಸಿ ಬಂದವಳೋ. ನಾನೀಗ ಎದ್ದು ನಿಲ್ಲೋ ಹಾಗಿಲ್ಲ. ಕೈ ತಟ್ಟಿ ಕರೆದು ಚಿಕ್ಕಮ್ಮನ ಪ್ರಶ್ನೆ ಕೇಳಿದೆ, "ಎಲ್ಲಿ ಇಳೀತೀರ?"

"ಯಶವಂತಪುರ."

ಬೆಂಚಿನಲ್ಲಿ ಮೂರು ಜನ ಇದ್ದೆವು. ಸ್ವಲ್ಪ ಸ್ವಲ್ಪ ಸರಿದೆವು.