ಬಾಣಂತಿ ಬಟ್ಟೆ ಒಗೆದವರ ಚರಿತ್ರೆ

ಕಲಾಸಿಪಾಳ್ಯದ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ನೋಡಿ. ಹತ್ತಿರದ ವಾಣಿವಿಲಾಸ ಆಸ್ಪತ್ರೆ ಕಡೆಯಿಂದ ಹಸೀ ಬಾಣಂತಿಯೊಬ್ಬಳು ತಲೆಗೆ ಬಟ್ಟೆ ಬಿಗಿದುಕೊಂಡು ನಿಧಾನಕ್ಕೆ ನಡೆದು ಬರುತ್ತಾಳೆ. ಕೂಸು ಅವಳ ಅವ್ವನ ಕೈಲಿ. ಗಂಡನ ಕೈಲಿ ಚೀಲ. ಚೀಲದಲ್ಲಿ ಫ್ಲಾಸ್ಕು, ಬ್ರೆಡ್ಡು, ಎಲ್ಲಕ್ಕಿಂತ ಅಡಿಯಲ್ಲಿ ಹಳೇ ಸೀರೆಯ ತುಂಡುಗಳು. ಆ ತುಂಡು ಯಾರ ಕಣ್ಣಿಗೂ ಬೀಳಬಾರದು.

ರಾಜರ ಪೇಟಕ್ಕೆ ಚರಿತ್ರೆ ಉಂಟು. ಈ ತುಂಡಿಗೆ ಯಾಕಿಲ್ಲ?

ನಮ್ಮವ್ವ ಹೇಳ್ತಿದ್ಲು: "ಇರೋವೇ ಎರಡು ಸೀರೆ ಕಣಪ್ಪ. ಹೆರಿಗೆ ಆದ್ರೆ ಯಾವ್ದು ಹರಿಯೋದು, ಯಾವ್ದು ಉಡೋದು?" ಬಡವರ ಮನೇಲಿ ಬಾಣಂತಿಯ ರಕ್ತಕ್ಕೂ ಮೊದಲು ಬರುವ ಪ್ರಶ್ನೆ ಬಟ್ಟೆಯದು. ಒಗೆಯುವವಳೂ ಅವಳೇ, ಇಲ್ಲವೇ ಅವಳವ್ವ.

ಉಳ್ಳವರ ಮನೆಯ ಕಥೆ ಬೇರೆ. ಅಲ್ಲಿ ಮಗು ಹಿಡಿಯುವವಳು ಸೂಲಗಿತ್ತಿ, ಮೈಲಿಗೆ ಬಟ್ಟೆ ಒಯ್ಯುವವಳು ಅಗಸಗಿತ್ತಿ. ಕೂಸನ್ನು ಭೂಮಿಗೆ ಇಳಿಸಿಕೊಂಡ ಕೈಗೆ ಮೊರದ ತುಂಬ ಅಕ್ಕಿ, ಒಂದು ಹಳೇ ಸೀರೆ. ಆ ಕೈ ಮಾತ್ರ ಅಡಿಗೆಮನೆ ಮುಟ್ಟುವ ಹಾಗಿಲ್ಲ. ಹತ್ತು ದಿನ ಪುರುಡು ಕಳೆದು ಹನ್ನೊಂದಕ್ಕೆ ಬಾಣಂತಿ ಶುದ್ಧಳಾದಳು. ಬಟ್ಟೆ ಒಗೆದವಳು? ಅವಳಿಗೆ ಹನ್ನೊಂದನೇ ದಿನ ಬರಲೇ ಇಲ್ಲ.

ಶಾಸ್ತ್ರ ಹತ್ತು ದಿನ ಎಣಿಸಿತು, ಮೈ ಎಣಿಸುವುದು ಬೇರೆ. ಹೆರಿಗೆಯ ನಂತರದ ಸ್ರಾವ ನಾಲ್ಕರಿಂದ ಆರು ವಾರ ಇರುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಬಿಳಿಹಳದಿ. ಅಷ್ಟು ದಿನವೂ ಯಾರೋ ಒಗೆಯಲೇಬೇಕು.

ಬೆಂಗಳೂರು ಬೆಳೆದಾಗ ಈ ವ್ಯವಸ್ಥೆಯೂ ಬೆಳೆಯಿತು. 1892ರಲ್ಲಿ ಚಾಮರಾಜಪೇಟೆ ಆಯಿತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಸತ್ತಾಗ, ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರ ಹುಟ್ಟಿದವು. ಅಗಲ ರಸ್ತೆ, ಗುಡಿ, ಪಾರ್ಕು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ! ಮಲ ಎತ್ತುವವರು ಮುಂಬಾಗಿಲಲ್ಲಿ ಕಾಣಬಾರದಲ್ಲ, ಅದಕ್ಕೆ. ಅಸ್ಪೃಶ್ಯತೆಗೆ ಇಂಜಿನಿಯರುಗಳೇ ನಕ್ಷೆ ಬರೆದುಕೊಟ್ಟರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು.

ಇದರ ಮಧ್ಯೆ ಆಸ್ಪತ್ರೆಗಳು ಬಂದವು: 1900ರಲ್ಲಿ ವಿಕ್ಟೋರಿಯಾ, 1935ರಲ್ಲಿ ವಾಣಿವಿಲಾಸ. ಸಾಯಬೇಕಾಗಿದ್ದ ಎಷ್ಟೋ ತಾಯಂದಿರು ಬದುಕಿದರು, ಅದನ್ನು ಮರೆಯಬಾರದು. ಆದರೆ ಓದಿದವರು ಬಾಣಂತಿ ಜ್ವರದ ತಪ್ಪನ್ನೆಲ್ಲ ಸೂಲಗಿತ್ತಿಯ ಕೊಳಕು ಕೈಗೆ, ಕೊಳಕು ಬಟ್ಟೆಗೆ ಹೊರಿಸಿಬಿಟ್ಟರು. ಅವರು ವಿಯೆನ್ನಾದ ಕಥೆ ಕೇಳಬೇಕು. ಅಲ್ಲಿಯ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ಡಾಕ್ಟರರ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದರು ಎಂಬುದನ್ನು ಸೆಮೆಲ್‌ವೈಸ್ ಎಂಬ ಡಾಕ್ಟರ್ 1847ರಲ್ಲಿ ಕಂಡುಕೊಂಡ. ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಕೊಳಕಿಗೆ ಜಾತಿ ಇಲ್ಲ, ತೊಳೆಯದ ಕೈಯೇ ಅದರ ಮನೆ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ, ಸಾಯುವ ವರ್ಷ.

ಆಮೇಲೆ ಬಂತು ಪ್ಯಾಡು. ಮೊದಲನೇ ಮಹಾಯುದ್ಧದಲ್ಲಿ ಸಿಪಾಯಿಗಳ ಗಾಯಕ್ಕೆಂದು ಮಾಡಿದ ಮರದ ನಾರಿನ ಪಟ್ಟಿಯನ್ನು ನರ್ಸುಗಳು ತಮ್ಮ ಮುಟ್ಟಿಗೂ ಬಳಸಿದರು. 1920ರ ಹೊತ್ತಿಗೆ ಕಂಪನಿ ಅದನ್ನೇ ಕೋಟೆಕ್ಸ್ ಎಂದು ಮಾರಿತು. ಬಿಸಾಕುವ ಪ್ಯಾಡು ಹೆಂಗಸಿಗೆ ಒಗೆಯುವ ಕಷ್ಟ ತಪ್ಪಿಸಿದ್ದು ನಿಜ. ಆದರೆ ಬಿಸಾಕಿದ್ದು ಹೋಗುವುದೆಲ್ಲಿಗೆ? ಅದರಲ್ಲಿ ಪ್ಲಾಸ್ಟಿಕ್ಕಿದೆ, ಕೊಳೆಯುವುದಿಲ್ಲ. ಸುತ್ತಿ ಕೊಡಿ ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಸುತ್ತದೆ ಬಿಸಾಕಿದ್ದನ್ನು ಕಸದಿಂದ ಆರಿಸಿ ತೆಗೆಯುವವಳು ಪೌರಕಾರ್ಮಿಕ ಹೆಂಗಸು, ಬಹುಪಾಲು ನಮ್ಮ ಕೇರಿಯವಳೇ. ಅಗಸಗಿತ್ತಿಯ ಕೈಯಿಂದ ಅವಳ ಕೈಗೆ ಬಂತು, ಅಷ್ಟೆ. ಗಲ್ಲಿ ಹೋಯಿತು, ಆಟೋ ಬಂತು.

ಹಾಗಾದರೆ ಬಟ್ಟೆಗೇ ಮರಳೋಣವೇ? ಅದಕ್ಕೆ ಹೌದು ಅನ್ನುವುದು ಸುಲಭ. ಬಸವನಗುಡಿಯ ಟೆರೇಸಿನಲ್ಲಿ ನಿಂತು ಹೌದು ಅನ್ನುವುದು ಇನ್ನೂ ಸುಲಭ. ಈಗ ಪದರ ಪದರ ಹತ್ತಿಬಟ್ಟೆ ಹೊಲಿದು ಗುಂಡಿ ಇಟ್ಟ ಪ್ಯಾಡುಗಳು ಸಿಗುತ್ತವೆ, ಮನೇಲೂ ಹೊಲಿಯಬಹುದು. ಆದರೆ 2015ರಲ್ಲಿ ಪ್ರಕಟವಾದ ಒಡಿಶಾದ ಒಂದು ಅಧ್ಯಯನ ಮುಟ್ಟಿಗೆ ಬಟ್ಟೆ ಬಳಸುವವರಲ್ಲಿ ಸೋಂಕು ಹೆಚ್ಚು ಕಂಡಿತು. 2018ರ ಇನ್ನೊಂದು, ಬಟ್ಟೆಯನ್ನು ಮನೆಯೊಳಗೇ ಒಣಗಿಸುವುದಕ್ಕೂ ಸೋಂಕಿಗೂ ನಂಟು ಕಂಡಿತು. ಒಳಗೆ ಯಾಕೆ ಒಣಗಿಸುತ್ತಾರೆ? ನಾಚಿಕೆಗೆ. ಅಂಗಳ ಇಲ್ಲದ್ದಕ್ಕೆ. ರೋಗ ತರುವುದು ಬರೀ ಬಟ್ಟೆಯಲ್ಲ, ಮರೆಮಾಚುವುದೂ.

ಅದಕ್ಕೇ ಊರಿನ ಮೇಷ್ಟ್ರುಗಳು ಈ ನಾಲ್ಕು ಮಾತು ಸಂಕೋಚವಿಲ್ಲದೆ ಹೇಳಬೇಕು. ಸ್ರಾವ ಜೋರಿರುವ ಮೊದಲ ದಿನಗಳಲ್ಲಿ ಆಸ್ಪತ್ರೆಯ ಪ್ಯಾಡೇ ಇರಲಿ, ಬಟ್ಟೆ ಆಮೇಲೆ. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಲಿ. ಮೊದಲು ತಣ್ಣೀರಲ್ಲಿ ನೆನೆಸಿ (ಬಿಸಿನೀರಿಗೆ ಕಲೆ ಕೂತುಬಿಡುತ್ತದೆ), ಸೋಪು ಹಾಕಿ ಒಗೆದು, ಬಿಸಿಲಲ್ಲಿ ಪೂರ್ತಿ ಒಣಗಿಸಲಿ. ಮಳೆಗಾಲದಲ್ಲಿ ಒಣಗದಿದ್ದರೆ ಬಳಸುವುದೇ ಬೇಡ. ಒಂದೇ ಗಂಟೆಯಲ್ಲಿ ಪ್ಯಾಡು ಪೂರ್ತಿ ನೆನೆದರೆ, ದೊಡ್ಡ ಗಡ್ಡೆ ಬಿದ್ದರೆ, ನಾತ ಬಂದು ಜ್ವರ ಕಾದರೆ, ಬಟ್ಟೆಯ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಬೇಕು.

ನಲ್ಲಿ ಇಲ್ಲದ, ಬಿಸಿಲು ಬೀಳದ ಒಂದೇ ಕೋಣೆಯ ಹೆಂಗಸಿಗೆ ಯಾರೂ ಉಪದೇಶ ಮಾಡಬಾರದು. ಅವಳು ಪ್ಯಾಡೇ ಬಳಸಲಿ. ಅವಳಿಗೆ ನೀರು ತರಿಸಿಕೊಡುವ ಹೋರಾಟ ನಮ್ಮದಾಗಲಿ.

ಕೊನೆಗೊಂದು ಪ್ರಶ್ನೆ. ಹೊಲಿಗೆ ಹಾಕಿಸಿಕೊಂಡು ಮಲಗಿರುವ ಬಾಣಂತಿ ತಾನೇ ಒಗೆಯಬೇಕೆ? ಅವಳವ್ವ ಒಗೆಯಬೇಕೆ? ಗೆಳೆಯರೆ, ಸಭೆಯಲ್ಲಿ ಮಡಿಮೈಲಿಗೆಯ ವಿರುದ್ಧ ಗಂಟಲು ಹರಿಯುವ ಹಾಗೆ ಕೂಗಿದ್ದೇವೆ. ಮನೇಲಿ ಹೆಂಡತಿಯ ರಕ್ತದ ಬಟ್ಟೆ ಬಕೆಟ್ಟಿನಲ್ಲಿದೆ. ಆ ಬಕೆಟ್ಟು ಎತ್ತಿಕೊಂಡು ಹೋಗಿ, ಒಗೆದು, ಎಲ್ಲರಿಗೂ ಕಾಣುವ ಹಾಗೆ ಬಿಸಿಲಿಗೆ ಹರವೋಣ. ನಮಗೂ ಕೈ ಇದೆಯಲ್ಲ.